ಹದಿನೇಳನೇ ಫ್ಯಾನಿನಿಂದ ಬಂದ ಪ್ರಶ್ನೆ

ಮನುಷ್ಯ ಆಡಿದ ಮಾತನ್ನು ಹಿಡಿದಿಡುವ ಯಂತ್ರಗಳು ಬಂದು ಯಾವ ಕಾಲವಾಯಿತೋ. ಆಡಬೇಕೆಂದು ನಾಲಗೆಯ ತುದಿಗೆ ತಂದುಕೊಂಡು, ಎದುರಿಗಿರುವವರ ಮುಖ ನೋಡಿ ನುಂಗಿಕೊಂಡ ಮಾತನ್ನು ಹಿಡಿಯುವ ಯಂತ್ರವೊಂದು ಬಂದರೆ ಹೇಗೆ? ಕರಿಗುಡ್ಡದ ಗಾಳಿ ವಿದ್ಯುತ್ ಕೇಂದ್ರಕ್ಕೆ ಅದು ಒಂದು ಸೋಮವಾರ ಬೆಳಿಗ್ಗೆ ಬಂತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದ ಅನಘಾ ಎಂಬ ತರಬೇತುದಾರಳ ಲ್ಯಾಪ್‌ಟಾಪಿನೊಳಗೆ ಅಷ್ಟೂ ಯಂತ್ರ ಅಡಗಿತ್ತು.

ಕಂಟ್ರೋಲ್ ರೂಮಿನ ಮುಖ್ಯಸ್ಥೆ ನೀಲಾಂಬಿಕಾ ಹೊಂಬಳ ಅವಳನ್ನು ಕೂರಿಸಿಕೊಂಡದ್ದೇ ಬೇಸರದಿಂದ. ಗದಗಿನ ಕಡೆಯ ಆ ಗುಡ್ಡದ ಮೇಲೆ ಅರವತ್ತೆರಡು ಗಾಳಿಯಂತ್ರಗಳಿದ್ದವು. ಊರ ಮಂದಿ ಅವನ್ನು ಫ್ಯಾನು ಎನ್ನುತ್ತಿದ್ದರು, ಕೆಲಸದವರೂ ಹಾಗೇ ಎನ್ನುತ್ತಿದ್ದರು. ಯಾವ ಫ್ಯಾನು ತಿರುಗಬೇಕು, ಯಾವುದು ನಿಲ್ಲಬೇಕು, ರಿಪೇರಿಗೆ ಯಾರು ಯಾವುದನ್ನು ಹತ್ತಬೇಕು ಎಂಬುದೆಲ್ಲ ಅವಳ ಮೇಜಿನಿಂದಲೇ ನಡೆಯುತ್ತಿತ್ತು. ಗಂಡಸರೇ ತುಂಬಿದ್ದ ಕೋಣೆಗೆ ಇಪ್ಪತ್ತಾರು ವರ್ಷದ ಹಿಂದೆ ಮೊದಲ ಹೆಂಗಸಾಗಿ ಬಂದವಳು ಅವಳು. ಎರಡು ಮಾತು ಹೆಚ್ಚಿಗೆ ಆಡಿದರೆ ಹರಟೆ ಎನ್ನುತ್ತಾರೆ, ಮೆತ್ತಗೆ ಆಡಿದರೆ ತಲೆಯ ಮೇಲೆ ಕೂರುತ್ತಾರೆ ಎಂದು ಮೊದಲ ವರ್ಷದಲ್ಲೇ ಕಲಿತು, ನಾಲಗೆಯನ್ನು ಕತ್ತರಿ ಮಾಡಿಕೊಂಡಿದ್ದಳು. ಅಂಥವಳಿಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಕೈಕೆಳಗಿನವರೊಡನೆ ಮಾತಾಡುವುದನ್ನು ಕಲಿಸಲು ಕಂಪನಿ ಆರು ವಾರದ ತರಬೇತಿ ಇಟ್ಟರೆ ಮೈ ಉರಿಯದೆ ಇರುತ್ತದೆಯೇ?

"ನಿಮ್ಮ ಮಂದಿ ಕೊರಳಿಗೆ ಪಟ್ಟಿ ಹಾಕ್ಕೋತಾರಲ್ರೀ ಮೇಡಂ, ಅದು ಯಾತಕ್ಕ?" ಎಂದು ಅನಘಾ ಕೇಳಿದಳು.

"ಉಸಿರು, ಎದಿ ಬಡಿತ ನೋಡಾಕ. ಎತ್ತರದಾಗ ಯಾರಿಗರ ತಲಿ ಸುತ್ತಿದ್ರ ಇಲ್ಲಿ ಗೊತ್ತಾಗ್ಲಿ ಅಂತ. ನಾಲ್ಕ್ ವರ್ಷಾತು. ನಮ್ಮ ಹುಡುಗ್ರು ಕಂಪನಿ ಕಟ್ಟಿದ ತಾಳಿ ಅಂತ ಚ್ಯಾಷ್ಟಿ ಮಾಡ್ತಾರ."

ಅನಘಾ ನಕ್ಕು, ಆಮೇಲೆ ವಿವರಿಸಿದಳು. ಮಾತಾಡಬೇಕೆಂದು ಮನಸ್ಸು ಮಾಡಿದ ಕೂಡಲೇ ಮಿದುಳಿನಿಂದ ಗಂಟಲಿಗೆ ಅಪ್ಪಣೆ ಹೊರಡುತ್ತದೆ. ಕೊನೆಯ ಗಳಿಗೆಯಲ್ಲಿ ಬೇಡವೆನಿಸಿ ಮನುಷ್ಯ ಸುಮ್ಮನಾಗುತ್ತಾನೆ. ಆದರೆ ಹೊರಟ ಅಪ್ಪಣೆ ಹೊರಟದ್ದೇ. ಗಂಟಲಿನ ಸ್ನಾಯುಗಳು ಕೂದಲೆಳೆಯಷ್ಟು ನಡುಗಿ ಸುಮ್ಮನಾಗುತ್ತವೆ. ಆ ನಡುಕ ಪಟ್ಟಿಗೆ ತಿಳಿಯುತ್ತದೆ. ಒಬ್ಬ ಮನುಷ್ಯ ದಿನವೂ ಬಾಯಿಬಿಟ್ಟು ಆಡುವ ಮಾತಿನ ಜೊತೆ ಹೋಲಿಸಿ ನೋಡಿದರೆ, ಯಾವ ನಡುಕ ಯಾವ ಮಾತಿನದೆಂದೂ ತಿಳಿಯುತ್ತದೆ.

ಪರದೆಯ ಮೇಲೆ ಒಂದು ಅಂಕಿ ಮೂಡಿತು. ಇನ್ನೂರ ಹದಿನಾಲ್ಕು.

"ಇದೇನು?"

"ಶನಿವಾರ ನಿಮ್ಮ ಪಾಳಿಯೊಳಗ ಹನ್ನೊಂದು ಮಂದಿ ನಿಮ್ಮ ಮುಂದ ನುಂಗಿದ ಮಾತು, ಮೇಡಂ. ಬ್ಯಾರೆ ಕೇಂದ್ರದಾಗ ಮೂವತ್ತೋ ನಲವತ್ತೋ ಇರ್ತಾವ."

ನೀಲಾಂಬಿಕಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ದನಿ ಬದಲಿಸದೆ, "ಏನ್ ನುಂಗ್ಯಾರ? ಬೈಗಳನ?" ಎಂದಳು.

"ಅದು ಮುಚ್ಚಿದ್ದು. ಯೂನಿಯನ್ನಿನವರು ಒಪ್ಪಿದ್ದ ಆ ಕರಾರಿನ ಮ್ಯಾಲ. ನುಂಗಿದ ಮಾತು ನುಂಗಿದವರ ಸ್ವಂತದ್ದು. ಅವರು ಸಹಿ ಮಾಡಿದ್ರಷ್ಟ ತೆಗಿಯೂದು. ನಿಮಗ ಎಷ್ಟು ಅನ್ನೂದು ಮಾತ್ರ ಕಾಣತೈತಿ."

ಆ ಸಂಜೆ ಮನೆಯಲ್ಲಿ ಅವಳು ಇದನ್ನೆಲ್ಲ ಸಿಟ್ಟಿನಿಂದಲೇ ಹೇಳಿದಳು. ಗಂಡ ಶಿವಯೋಗಿ ಚಿತ್ರಕಲೆಯ ಮಾಸ್ತರಿಕೆಯಿಂದ ನಿವೃತ್ತನಾದವನು, ಮೆದು ಮನುಷ್ಯ. ರೊಟ್ಟಿ ಮುರಿಯುತ್ತ ಎಲ್ಲ ಕೇಳಿದ.

"ನೀವ ಹೇಳ್ರಿ. ನಾ ಅಷ್ಟು ಕೆಟ್ಟಾಕಿ ಏನು?"

ಶಿವಯೋಗಿ ತಲೆಯೆತ್ತಿದ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯಿತು. "ಹಂಗೇನಿಲ್ಲ ಬಿಡು. ಇನ್ನೊಂದು ರೊಟ್ಟಿ ಕೊಡು," ಎಂದ.

ಮೂವತ್ತು ವರ್ಷ ಅವನ ಎದುರು ಕೂತು ಉಂಡಿದ್ದಳು. ಆ ಗಂಟಲು ಹಾಗೆ ಏರಿ ಇಳಿಯುವುದನ್ನು ಅವಳು ನೋಡಿದ್ದು ಅವತ್ತೇ ಮೊದಲು. ಅವನ ಕೊರಳಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ರೊಟ್ಟಿ ಹಾಕಿ ಒಳಗೆ ಹೋದಳು.

ತರಬೇತಿ ನಡೆಯಿತು. ಹೇಳಿಕೊಟ್ಟದ್ದೆಲ್ಲ ಸಣ್ಣಸಣ್ಣ ವಿಷಯಗಳೇ. ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸಬೇಕು. "ತಿಳೀತಿಲ್ಲೋ?" ಎಂದು ಕೇಳಬಾರದು, "ಏನ್ ತಿಳೀತು, ಹೇಳ್ರಿ" ಎನ್ನಬೇಕು. ಪ್ರಶ್ನೆ ಕೇಳಿದವನ ಹೆಸರು ಹಿಡಿದು ಉತ್ತರ ಕೊಡಬೇಕು. ಮೊದಲ ವಾರ ನಾಲ್ಕು ಎಣಿಸುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಆ ಕಡೆಯವರಿಗೂ ಅಷ್ಟೇ. ಅವಳು ಸುಮ್ಮನಾದರೆ ರೇಡಿಯೊ ಸೆಟ್ಟು ಕೆಟ್ಟಿತೆಂದು ತಿಳಿದು "ಹಲೋ, ಹಲೋ" ಎನ್ನುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಟಿಕ್ ಟಿಕ್ ಬಿಡಿಸುವುದು. ನಿಯಮದ ಪುಸ್ತಕದ ಪ್ರಕಾರ ಮೇಲೆ ಹತ್ತಿದವನು ತನಗೆ ಬೇಕಾದ ಲಾಕುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು. ರೆಕ್ಕೆ ತಿರುಗದ ಹಾಗೆ ರೆಕ್ಕೆ ಲಾಕು. ಕಂಬದ ತುದಿಯ ಡಬ್ಬಿಗೆ ಇವರು ತಲೆ ಎನ್ನುತ್ತಿದ್ದರು. ಅದು ಗಾಳಿ ಬಂದ ಕಡೆಗೆ ತಾನಾಗಿ ಹೊರಳುತ್ತದೆ, ಹಾಗೆ ಹೊರಳದಂತೆ ತಲೆ ಲಾಕು. ಕಂಟ್ರೋಲ್ ರೂಮು ಹಾಕಿದ್ದೇವೆ ಎಂದ ಮೇಲೆ, ಕೇಳಿಸಿಕೊಂಡದ್ದನ್ನು ಪೂರ್ತಿ ತಿರುಗಿ ಹೇಳಬೇಕು. ಆಮೇಲೆಯೇ ಕೈ ಹಾಕಬೇಕು. ನೀಲಾಂಬಿಕಾ ಹಿಂದೊಮ್ಮೆ ಇದನ್ನು ಕೇಳಿ ಕೇಳಿ ಬೇಸತ್ತು, "ಗಿಳಿಪಾಠ ಒಪ್ಪಿಸಬ್ಯಾಡ್ರಿ, ಎರಡೂ ಹಾಕತೀನಿ, ಕೆಲಸ ಮಾಡ್ರಿ" ಎಂದು ಗದರಿದ್ದಳು. ಅಂದಿನಿಂದ ಅವಳ ಪಾಳಿಯವರು "ಲಾಕ್ ಬೇಕ್ರಿ" ಎಂದು ಒಮ್ಮೆ ಕೇಳುವುದು, ಅವಳು "ಹಾಕೇತಿ" ಎನ್ನುವುದು, ಅವರು ಸೆಟ್ಟಿನ ಗುಂಡಿಯನ್ನು ಎರಡು ಸಲ ಒತ್ತಿ ಟಿಕ್ ಟಿಕ್ ಎನಿಸುವುದು, ಅಷ್ಟೇ. ಜಿಲ್ಲೆಯಲ್ಲೆಲ್ಲ ಚುರುಕಾದ ಪಾಳಿ ಎಂದು ಮೂರು ವರ್ಷ ಫಲಕ ಬಂದದ್ದು ಈ ಟಿಕ್ ಟಿಕ್ಕಿನ ದೆಸೆಯಿಂದಲೇ.

ಐದನೆಯ ವಾರಕ್ಕೆ ಅಂಕಿ ಮೂವತ್ತೊಂದಕ್ಕೆ ಇಳಿಯಿತು. ಹುಡುಗರು ಚಹಾ ಕುಡಿಯುವಾಗ ಅವಳೆದುರಿಗೇ ನಗತೊಡಗಿದ್ದರು. ಒಬ್ಬನಂತೂ, "ಮೇಡಮ್ಮರ, ನೀವು ನಾಲ್ಕ್ ಎಣಸೂದು ನಮಗೂ ಕೇಳಸ್ತೈತ್ರಿ," ಎಂದುಬಿಟ್ಟ. ಅವಳೂ ನಕ್ಕಳು. ನಿಜವಾಗಿಯೂ ಸಂತೋಷವಾಗಿತ್ತು.

ಆ ಸಂತೋಷದಲ್ಲೇ ಅನಘಾ ಹೇಳಿದಳು: "ಹೆಡ್ ಆಫೀಸಿಗೆ ಮೊದಲು ಎಷ್ಟಿತ್ತು, ಈಗ ಎಷ್ಟೈತಿ ಅಂತ ತೋರಿಸಬೇಕ್ರಿ. ನಾಲ್ಕ್ ವರ್ಷದಿಂದ ಪಟ್ಟಿ ಬರಕೊಂಡಿದ್ದೆಲ್ಲ ಹಂಗ ಐತಿ. ಎಲ್ಲಾನೂ ಒಮ್ಮೆ ಓಡಸ್ತೀನಿ."

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಉದ್ದನೆಯ ಯಾದಿ ಬಂತು. ತಾರೀಖು, ಫ್ಯಾನಿನ ನಂಬರು, ಹೆಸರು, ನುಂಗಿದ ಮಾತೆಷ್ಟು. ನೀಲಾಂಬಿಕಾ ಒಬ್ಬಳೇ ಕೂತು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು. ಎರಡು ವರ್ಷದ ಹಿಂದಿನ ಮಾರ್ಚ್ ಹನ್ನೆರಡು ಬಂದಾಗ ಬೆರಳು ನಿಂತಿತು. ಅಲ್ಲಿಗೇ ಹೋಗಬೇಕೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಹದಿನೇಳನೇ ಫ್ಯಾನು. ದಾವಲಸಾಬ ನದಾಫ. ಬೆಳಿಗ್ಗೆ ಹನ್ನೊಂದು ಗಂಟೆ ಆರು ನಿಮಿಷ. ಮೂರು.

ಆ ಬೆಳಗಿನ ರೇಡಿಯೊ ಮಾತು ಅವಳಿಗೆ ಬಾಯಿಪಾಠವಾಗಿತ್ತು. ವಿಚಾರಣೆಯವರು ಹತ್ತು ಸಲ ಹಾಕಿ ಕೇಳಿಸಿದ್ದರು. "ಹದಿನೇಳಕ್ಕ ಲಾಕ್ ಬೇಕ್ರಿ ಮೇಡಮ್ಮರ" ಎಂದು ದಾವಲಸಾಬನ ದನಿ. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತ್ತು. ಆ ವರ್ಷದ ಫಲಕವೂ ನಿಮಗೇ ಎಂದು ತಿಳಿಸಲು ಹೆಡ್ ಆಫೀಸಿನವರು ಮಾಡಿದ ಫೋನು. ಒಂದು ಕೈಯಿಂದ ರೆಕ್ಕೆ ಲಾಕು ಹಾಕಿ, ಇನ್ನೊಂದು ಕೈಯಿಂದ ಅವಳು ರಿಸೀವರ್ ಎತ್ತಿಕೊಂಡಿದ್ದಳು. "ಹಾಕೇತಿ. ಹೋಗು" ಎಂದಿದ್ದಳು. ಆಮೇಲೆ ಮೂವತ್ತೆಂಟು ಸೆಕೆಂಡು ಏನೂ ಇಲ್ಲ. ಆಮೇಲೆ ಟಿಕ್ ಟಿಕ್. ಒಂಬತ್ತು ನಿಮಿಷದ ನಂತರ ಗಾಳಿ ದಿಕ್ಕು ಬದಲಿಸಿತು, ತಲೆ ಹೊರಳಿತು. ದಾವಲಸಾಬ ಅದರ ಹಲ್ಲುಚಕ್ರದ ನಡುವೆ ಬಗ್ಗಿ ಗ್ರೀಸು ಹಚ್ಚುತ್ತಿದ್ದ.

ತಲೆ ಲಾಕನ್ನು ಹೆಸರು ಹಿಡಿದು ಕೇಳಲಿಲ್ಲ, ಹಾಕಿದ್ದನ್ನು ತಿರುಗಿ ಹೇಳಲಿಲ್ಲ, ಆದ್ದರಿಂದ ತಪ್ಪು ಸತ್ತವನದೇ ಎಂದು ವರದಿ ಬಂತು. ತಾನಾಗಿಯೇ ಎರಡನ್ನೂ ಹಾಕುವ ರೂಢಿ ಇತ್ತೇ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಅವಳು ಎದ್ದು ಬಂದಿದ್ದಳು. ಎರಡು ವರ್ಷ ಒಂದೇ ಮಾತನ್ನು ಹಿಡಿದುಕೊಂಡು ಬದುಕಿದ್ದಳು: ಒಂದೇ ಒಂದು ಸಲ ಕೇಳಿದ್ದರೆ ನಾನು ಹಾಕುತ್ತಿರಲಿಲ್ಲವೇ?

ಈಗ ಎದುರಿಗೆ ಮೂರು ಎಂದು ಬರೆದಿತ್ತು. ಆ ಮೂವತ್ತೆಂಟು ಸೆಕೆಂಡಿನಲ್ಲಿ ಅವನು ಮೂರು ಸಲ ಏನನ್ನೋ ಹೇಳಹೋಗಿ ನುಂಗಿಕೊಂಡಿದ್ದ. ಏನನ್ನು? ಹಾಳು ಬಿಸಿಲು ಎಂದಿರಬಹುದು. ಒಳಗೊಳಗೇ ಅವಳನ್ನು ಬೈದಿರಬಹುದು. ಬೈದಿದ್ದರೆ ಸಾಕು ಎಂದು ಅವಳು ದೇವರನ್ನು ಬೇಡಿಕೊಂಡಳು.

"ಇದನ್ನ ತೆಗಿಯಾಕ ಯಾರ ಸಹಿ ಬೇಕು?" ಎಂದು ಅನಘಾಳನ್ನು ಕೇಳಿದಳು.

ಅನಘಾ ಹೆಸರು ನೋಡಿದಳು, ಅವಳ ಮುಖ ನೋಡಿದಳು. "ಅವರ ಹೆಂಡ್ತಿದು, ಮೇಡಂ. ಆದ್ರ ನಿಮಗ ಇದರ ಗರಜಿಲ್ಲ. ವರದಿಯೊಳಗ ಬರಂಗಿಲ್ಲ ಇದು."

"ಗರಜ ಐತಿ," ಎಂದಳು ನೀಲಾಂಬಿಕಾ.

ಅವತ್ತು ಅವಳು ಬೇಗ ಮನೆಗೆ ಹೋದಳು. ಶಿವಯೋಗಿ ಗಾದಿಯನ್ನು ಅಂಗಳದ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದ. ನಿಂತ ನಿಲುವಿನಲ್ಲೇ ಎಲ್ಲ ಹೇಳಿದಳು. ಅವನು ಬಡಿಯುವುದನ್ನು ನಿಲ್ಲಿಸಿದ. ಮತ್ತೆ ಆ ಗಂಟಲು ಏರಿತು, ಇಳಿಯಿತು. ಈ ಸಲ ಅವಳು ಬಿಡಲಿಲ್ಲ. ನಾಲ್ಕು ಎಣಿಸಿದಳು. ಮತ್ತೆ ನಾಲ್ಕು ಎಣಿಸಿದಳು. ತರಬೇತಿಯಲ್ಲಿ ಕಲಿತದ್ದು ಮನೆಯಲ್ಲಿ ಕೆಲಸಕ್ಕೆ ಬಂದದ್ದು ಆಗಲೇ, ಬರಬಾರದಿತ್ತೇನೋ.

"ನೀಲಾ," ಎಂದ ಶಿವಯೋಗಿ. "ಈ ಗಾದಿ ಹಿಂಜಿ ಹೊಲದು ಕೊಟ್ಟಾಂವ ದಾವಲಸಾಬ. ಸೂಟಿ ದಿನ ಬಂದು ಇಲ್ಲೇ ಕೂತು ಮಾಡಿದ್ದ, ಅವರ ಮನಿತನದ ಕಸಬು ಅದು. ಸಾಯೂಕಿಂತ ಹತ್ತ ದಿನ ಮೊದಲು."

"ಗೊತ್ತೈತಿ."

"ಅವತ್ತ ಒಂದ್ ಮಾತ ಹೇಳಿದ್ದ. ಸರ, ಮೇಡಮ್ಮರಿಗೆ ನೀವರ ಹೇಳ್ರಿ, ಲಾಕ್ ಹಾಕಿದ ಮ್ಯಾಲ ಒಮ್ಮೆ ಬಾಯ್ಲೆ ಹೇಳಾಕ ಬಿಡಬೇಕಂತ, ಟಿಕ್ ಟಿಕ್ ಅಂದ್ರ ಮ್ಯಾಲಿದ್ದಾಂವಗ ಧೈರ್ಯ ಬರಂಗಿಲ್ಲ ಅಂತ. ಹೇಳ್ತೀನಿ ಅಂದಿದ್ದೆ ನಾನು."

"ಮತ್ತ ಯಾಕ ಹೇಳ್ಲಿಲ್ಲ?"

ಶಿವಯೋಗಿ ಕೋಲನ್ನು ಗೋಡೆಗೆ ಆನಿಸಿಟ್ಟ. "ಊಟದ ಮುಂದ ಮೂರ್ ಸಲ ಬಾಯಿ ತಗದೆ. ಆಫೀಸಿನ ಮಾತು ನಿಮಗ್ಯಾಕ ಅಂತೀಯಲ್ಲ, ಅಂದ್ಬಿಟ್ರ ಅಂತ ಸುಮ್ಮನಾದೆ. ಅಂವ ಹ್ವಾದ ಮ್ಯಾಲ ಹೇಳಿ ಏನು ಉಪಯೋಗ ಅಂತ ಮತ್ತೂ ಸುಮ್ಮನಾದೆ."

ನೀಲಾಂಬಿಕಾ ಗಾದಿಯ ಅಂಚಿನಲ್ಲಿ ಕುಸಿದು ಕೂತಳು. ಗಂಡನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ವರ್ಷ ಇದೇ ಗಾದಿಯ ಮೇಲೆ ಅವಳು ಒಂದು ಕಡೆ, ಅವನು ಇನ್ನೊಂದು ಕಡೆ ಮಲಗಿ, ಒಬ್ಬರಿಗೊಬ್ಬರು ಹೇಳದೆ ಒಬ್ಬನೇ ಮನುಷ್ಯನನ್ನು ನೆನೆದಿದ್ದರು. ದುಃಖ ಒತ್ತಿಕೊಂಡು ಬಂದು ಅವಳು ಬಾಯಿಬಿಟ್ಟು ಅತ್ತಳು. ಶಿವಯೋಗಿಯೂ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡ.

ಭಾನುವಾರ ಹತ್ತು ಗಂಟೆಗೆ ಅವಳು ಗದಗಿನ ಹಳೇ ಪೇಟೆಯ ಹಿಂದಿನ ಓಣಿಗೆ ಹೋದಳು. ದಾವಲಸಾಬನ ಹೆಂಡತಿ ಶಾಹಿದಾ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಗೋಡೆಯ ಮೇಲೆ ಹತ್ತಿ ಹಿಂಜುವ ಬಿಲ್ಲು ತೂಗುಬಿದ್ದಿತ್ತು. ಬಂದವಳು ಯಾರೆಂದು ತಿಳಿದು ಎದ್ದು ಚಾಪೆ ಹಾಸಿದಳು, ನೀರು ತಂದಿಟ್ಟಳು. ಆಮೇಲೆ ಮತ್ತೆ ಸೂಜಿ ಹಿಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ನೀಲಾಂಬಿಕಾ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಕೊರಳ ಪಟ್ಟಿಯ ವಿಷಯ, ಮೂರು ಎಂಬ ಅಂಕಿಯ ವಿಷಯ, ಸಹಿಯ ವಿಷಯ ಹೇಳಿದಳು. ಅದಕ್ಕೂ ಮೊದಲು ಇನ್ನೊಂದನ್ನು ಹೇಳಿದಳು.

"ನನ್ನ ಪಾಳಿಯೊಳಗ ಎರಡೂ ಲಾಕ್ ನಾನ ಹಾಕತಿದ್ದೆ, ಶಾಹಿದಾಬಿ. ಅವರು ಹೆಸರು ಹಿಡದು ಕೇಳೋ ರೂಢಿನ ನಾ ಬಿಡಿಸಿದ್ದೆ. ಅವತ್ತ ಫೋನ್ ಬಂತು. ಒಂದ ಹಾಕಿದೆ. ಇದನ್ನ ಯಾರ ಮುಂದೂ ಹೇಳಿರಲಿಲ್ಲ."

ಸೂಜಿ ನಿಂತಿತು. ಶಾಹಿದಾ ಅದನ್ನು ಕೌದಿಗೆ ಚುಚ್ಚಿಟ್ಟಳು.

"ನಮ್ಮ ಅತ್ತಿ ಸಾಯೂತನಕ ಒಂದ ಅಂತಿದ್ಲರಿ. ನನ್ನ ಮಗ ಕೇಳದ ಕೈ ಹಾಕಾಂವಲ್ಲ ಅಂತ. ಗ್ಯಾಸ್ ಬಂದ್ ಮಾಡಿಯೇನು ಅಂತ ನಮ್ಮ ಮನಿಯವರು ದಿನಾ ಎರಡೆರಡ ಸಲ ಕೇಳತಿದ್ರು ನನ್ನ. ಅಂಥಾವರು ಕೇಳಲಿಲ್ಲ, ಅವಸರಾ ಮಾಡಿ ಸತ್ರು ಅಂತ ಕಾಗದಾ ಬಂತು. ನನ್ನ ಮಗಳ ಮುಂದ ಸಾಲ್ಯಾಗ ಅದನ್ನ ಆಡಿದ್ರು. ಆಕಿನೂ ಈಗ ಅಪ್ಪಾಂದ ತಪ್ಪ ಅಂತ ತಿಳಕೊಂಡಾಳ." ಟ್ಯಾಬಿನ ಕಡೆ ನೋಡಿ ಕೇಳಿದಳು: "ಇದನ್ನ ತಗದು ಏನ್ ಮಾಡ್ತೀರಿ?"

"ಕಂಪನಿಗೆ ಬರದ ಕೊಡ್ತೀನಿ. ಕಾಗದ ತಯಾರೈತಿ." ನೀಲಾಂಬಿಕಾ ಚೀಲದಿಂದ ಹಾಳೆ ತೆಗೆದು ಅವಳ ಮುಂದಿಟ್ಟಳು. ತಪ್ಪು ತನ್ನದೆಂದು ಬರೆದು ಸಹಿ ಹಾಕಿದ್ದಳು. ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದಳು. "ಒಳಗ ಏನ ಇರಲಿ, ಇದನ್ನ ಕೊಡೂದ. ಅವರು ಏನಂದಿದ್ರು ಅನ್ನೂದಷ್ಟ ಬರಿಯೂದು ಉಳದೈತಿ. ನಿಮಗ ಬ್ಯಾಡ ಅನಿಸಿದ್ರ ಹಂಗ ಖಾಲಿ ಬಿಡ್ತೀನಿ."

ಶಾಹಿದಾ ಬೆರಳನ್ನು ಸೆರಗಿಗೆ ಒರೆಸಿಕೊಂಡು ಟ್ಯಾಬಿನ ಮೇಲೆ ಒತ್ತಿದಳು. ಪರದೆಯ ಮೇಲೆ ಗಾಲಿಯೊಂದು ತಿರುಗಿ ನಿಂತಿತು. ಮೂರು ಸಾಲು ಬಂದವು.

"ನನಗ ಕನ್ನಡ ಓದಾಕ ಅಷ್ಟ ಬರಂಗಿಲ್ಲ," ಎಂದಳು ಶಾಹಿದಾ. "ನೀವ ಓದ್ರಿ."

ನೀಲಾಂಬಿಕಾ ಓದಿದಳು. ಓದಿದ್ದು ಅವಳ ದನಿ. ಮಾತು ಹದಿನೇಳನೇ ಫ್ಯಾನಿನ ಮೇಲೆ ಎಂಬತ್ತು ಮೀಟರ್ ಎತ್ತರದಲ್ಲಿ ಒಬ್ಬನೇ ನಿಂತಿದ್ದ ಮನುಷ್ಯನದು.

"ಮೇಡಮ್ಮರ, ತಲಿ ಲಾಕೂ ಹಾಕೀರೇನ್ರಿ?"

ಅದು ಒಂದನೆಯದು. ಎರಡನೆಯದರ ಮುಂದೆ ಹದಿನಾಲ್ಕು ಸೆಕೆಂಡು ಎಂದು ಬರೆದಿತ್ತು.

"ತಲಿ ಲಾಕ್..."

ಮೂರನೆಯ ಸಾಲಿನಲ್ಲಿ ಒಂದೇ ಪದವಿತ್ತು.

"ಮೇಡಮ್ಮರ."

ಆಮೇಲೆ ಟಿಕ್ ಟಿಕ್. ಅದನ್ನು ಯಂತ್ರ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಹೊರಗೆ ಓಣಿಯಲ್ಲಿ ಹಾಲಿನವನು ಕ್ಯಾನು ಬಡಿಯುತ್ತ ಹೋದ. ಶಾಹಿದಾ ಅಳಲಿಲ್ಲ. ಅವಳ ಮುಖ ಸಡಿಲಾಯಿತು. ಎರಡು ವರ್ಷದಿಂದ ಬಿಗಿಹಿಡಿದದ್ದೇನೋ ಕೈಬಿಟ್ಟಂತಿತ್ತು.

"ಕೇಳ್ಯಾರ," ಎಂದಳು. "ಕೇಳ್ಯಾರ ನೋಡ್ರಿ ಅವರು. ಮೂರ ಸಲ ಕೇಳ್ಯಾರ. ಇನ್ನೊಮ್ಮೆ ಓದ್ರಿ."

ನೀಲಾಂಬಿಕಾ ಇನ್ನೊಮ್ಮೆ ಓದಿದಳು. ಮುಗಿಸಿ ತಲೆ ತಗ್ಗಿಸಿದಳು. ಶಾಹಿದಾಬಿ, ನನ್ನ ಕ್ಷಮಿಸ್ರಿ ಎನ್ನಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದಳು. ಆ ಮಾತು ಈಗ ತೀರ ಸಣ್ಣದಾಗಿ ಕಂಡು ಗಂಟಲಲ್ಲೇ ನಿಂತಿತು.

ಶಾಹಿದಾ ಅವಳನ್ನೇ ನೋಡುತ್ತಿದ್ದಳು. ದನಿ ಏರಿಸದೆ, ಮಗುವಿಗೆ ಹೇಳುವಂತೆ ಹೇಳಿದಳು:

"ಕೇಳಿದ್ದಕ್ಕ ಉತ್ತರಾ ಕೊಟ್ಟಿಲ್ಲಲ್ರೀ ನೀವು. ಕೊಡ್ರಿ."

ನೀಲಾಂಬಿಕಾ ತಲೆಯೆತ್ತಿದಳು. ಗೋಡೆಯ ಮೇಲಿನ ಬಿಲ್ಲು ಕಂಡಿತು. ನಾಲ್ಕು ಎಣಿಸಲಿಲ್ಲ. ಹೆಸರು ಹಿಡಿದು ಹೇಳಿದಳು.

"ಇಲ್ಲ, ದಾವಲಸಾಬ. ತಲಿ ಲಾಕ್ ಹಾಕಿಲ್ಲ. ಕೈ ಹಚ್ಚಬ್ಯಾಡ. ಇಳದ ಬಾ."